ಬೀರೇಶ ಮತ್ತೆ ಮರ ಹತ್ತಿದ್ದು

ಬಿಳಿಗೆರೆಯ ಸುತ್ತ ಯಾರ ತೋಟದಲ್ಲಿ ಎಷ್ಟೆತ್ತರದ ತೆಂಗಿನ ಮರವಿದೆ, ಯಾವುದರ ಬೊಡ್ಡೆ ಓರೆ, ಯಾವುದರ ಸುಳಿಯಲ್ಲಿ ಕೆಂಜಿಗ ಗೂಡು ಕಟ್ಟಿದೆ ಎಂದು ತಿಳಿಯಬೇಕಾದರೆ ಬೀರೇಶನನ್ನು ಕೇಳಿದರೆ ಸಾಕಿತ್ತು. ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಮರ ಹತ್ತುವ ಕೆಲಸವೊಂದೇ. ಕಾಲಿಗೆ ಹಗ್ಗದ ತಳೆ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ನಿಂತನೆಂದರೆ, ಕೆಳಗಿದ್ದವರು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮೇಲಿನಿಂದ ಒಣಗಿದ ಗರಿ ಬೀಳಲು ಶುರುವಾಗುತ್ತಿತ್ತು.

ಅವನು ಬಿದ್ದದ್ದು ಎರಡು ಸಾವಿರದ ಎರಡನೇ ಇಸವಿಯ ಆಷಾಢದಲ್ಲಿ. ಅವು ನುಸಿ ರೋಗದ ವರ್ಷಗಳು. ಎಳೆಗಾಯಿಗಳ ಮೈಯೆಲ್ಲ ಕಜ್ಜಿ ಹತ್ತಿದಂತೆ ಕಂದಾಗಿ, ಸಿಪ್ಪೆ ಬಿರಿದು, ನಿಂಬೆಹಣ್ಣಿನ ಗಾತ್ರಕ್ಕೇ ಉದುರುತ್ತಿದ್ದವು. ಬೇವಿನೆಣ್ಣೆ, ಬೆಳ್ಳುಳ್ಳಿ ರಸ, ಸೋಪು ಕಲಸಿದ ನೀರನ್ನು ಗೊನೆಗೆ ಹೊಡೆದರೆ ಹುಳು ಕಡಿಮೆಯಾಗುತ್ತದೆ ಎಂದು ಎಲ್ಲರೂ ಬೀರೇಶನನ್ನು ಕರೆಯುತ್ತಿದ್ದರು. ಗಂಗಾಧರಯ್ಯನವರ ತೋಟದಲ್ಲಿ ಆವತ್ತು ಇಪ್ಪತ್ತೊಂದು ಮರ ಮುಗಿಸಿದ್ದ. ಜಿನುಗು ಮಳೆ ಹಿಡಿದಿತ್ತು. ಬಾವಿಯ ಪಕ್ಕದ ಮರವೊಂದು ಉಳಿದಿತ್ತು. ಹತ್ತಿದ, ಸಿಂಪಡಿಸಿದ. ಇಳಿಯಲು ಗರಿಯ ಮಟ್ಟೆ ಹಿಡಿದಾಗ ಎಣ್ಣೆ ಮೆತ್ತಿದ ಅಂಗೈ ಜಾರಿತು. ಬೆನ್ನಿಗಿದ್ದ ಔಷಧಿ ಕ್ಯಾನು ಕವುಚಿ ಬೇವಿನೆಣ್ಣೆಯೆಲ್ಲ ಮುಖದ ಮೇಲೆ ಸುರಿದದ್ದು ನೆನಪಿದೆ. ಆಮೇಲೆ ನೆಲ.

ಕೆಳಗೆ ಪಾತಿಯ ಕೆಸರಿದ್ದದ್ದರಿಂದ ಜೀವ ಉಳಿಯಿತು. ಎಡತೊಡೆಯ ಮೂಳೆ, ಎರಡು ಪಕ್ಕೆಲುಬು ಮುರಿದಿದ್ದವು. ತೊಡೆಗೆ ರಾಡು ಹಾಕಿದರು. ಹತ್ತು ತಿಂಗಳು ಕಳೆಯುವಷ್ಟರಲ್ಲಿ ಅವನು ನೆಟ್ಟಗೆ ನಡೆಯುತ್ತಿದ್ದ, ಗೊಬ್ಬರದ ಮಂಕರಿ ಹೊರುತ್ತಿದ್ದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ಹೊಸದರ ಹಂಗೆ ಕೂತಿದೆ, ಇನ್ನು ನಿನ್ನಿಷ್ಟ" ಎಂದಿದ್ದರು.

ಆದರೆ ಮರದ ಬುಡದಲ್ಲಿ ನಿಂತರೆ ಆ ಹೊಸ ಮೂಳೆ ಲಟಲಟ ನಡುಗುತ್ತಿತ್ತು. ತಳೆಗೆ ಕಾಲು ಸಿಕ್ಕಿಸುವಷ್ಟರಲ್ಲಿ ಅಂಗೈ ಬೆವರುತ್ತಿತ್ತು, ಬಾಯಿ ಒಣಗುತ್ತಿತ್ತು. ಯಾರ ಮನೆಯಲ್ಲಾದರೂ ಬೇವಿನೆಣ್ಣೆ ಡಬ್ಬ ತೆರೆದರಂತೂ ಮುಗಿಯಿತು; ಆ ವಾಸನೆಗೆ ಎದೆ ಡಬಡಬ ಹೊಡೆದುಕೊಂಡು ಅವನು ಬೀದಿಗೆ ಎದ್ದು ಬರುತ್ತಿದ್ದ.

ಹೆಂಡತಿ ರೇವಮ್ಮ ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಸುಲಿಯಲು ಹೋಗುತ್ತಿದ್ದಳು. ಮಾತಿನಲ್ಲಿ ಖಾರ, ಮನಸ್ಸಿನಲ್ಲಿ ಅಂತಃಕರಣ. "ಮರ ಹತ್ಲೇಬೇಕು ಅಂತ ಯಾರ್ ಹೇಳವ್ರೆ ನಿಂಗೆ? ಶೆಡ್ಡಿಗೆ ಬಾ, ನನ್ ಪಕ್ದಲ್ಲೇ ಕುಂತ್ಕಂಡು ಸುಲಿ," ಎಂದಳು ಒಮ್ಮೆ.

"ಸುಲಿಯೋ ಕೆಲಸ ಕೀಳಲ್ಲ ಕಣೇ," ಎಂದ ಬೀರೇಶ. "ಆದ್ರೆ ನನ್ ಕೆಲಸ ಅದಲ್ಲ. ವಯಸ್ಸಾಗಿ ಬುಟ್ರೆ ಬುಡ್ತೀನಿ. ಹೆದ್ರಿಕಂಡು ಬುಡಾಕಿಲ್ಲ."

ಆ ಮಾತನ್ನು ಅವನು ಹಟದಿಂದಲೇ ಹೇಳಿದ್ದ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ಕಿಬ್ಬನಹಳ್ಳಿಯ ವಸಂತ. ಹಿಂದೆ ಇಬ್ಬರೂ ಜೊತೆಯಲ್ಲಿ ಮರ ಹತ್ತಿದವರು; ಈಗ ವಸಂತ ರಸ್ತೆ ಕೂಡುವ ಕೈಮರದ ಹತ್ತಿರ ಲಾರಿಗಳಿಗೆ ಕಾಯಿ ತುಂಬುತ್ತಿದ್ದ. ಬೀರೇಶನ ಕಷ್ಟ ಕೇಳಿ, ಅಂಗಿಯ ಒಳಜೇಬಿನಿಂದ ಕಾಗದದ ಸಣ್ಣ ಪೊಟ್ಟಣ ತೆಗೆದು ಕೈಗಿಟ್ಟ.

"ಲೇ, ಗಾಂಜಾ ಏನ್ಲಾ ಇದು?"

"ಮೆತ್ತಗೆ ಮಾತಾಡ್ಲಾ. ಒಂದೆರಡು ದಮ್ಮು ಎಳ್ಕಂಡ್ ಹತ್ತು. ಹೆದ್ರಿಕೆ ಅನ್ನೋದು ಎಲ್ ಓಯ್ತು ಅಂತ್ಲೇ ಗೊತ್ತಾಗಾಕಿಲ್ಲ. ನಾನು ಲೋಡು ಎತ್ತಿ ಸೊಂಟ ಬಿದ್ ಹೋದಾಗ ಇದೇ ನನ್ನ ಎತ್ ನಿಲ್ಸಿದ್ದು."

ಮೋಸ ಮಾಡಬೇಕೆಂದು ವಸಂತ ಕೊಟ್ಟದ್ದಲ್ಲ. ತನಗೆ ತಿಳಿದ ಮದ್ದನ್ನು ಸ್ನೇಹಿತನಿಗೆ ಹಂಚಿದ, ಅಷ್ಟೆ.

ಮರುದಿನ ಬೆಳಿಗ್ಗೆ ಬೀರೇಶ ವನಜಾಕ್ಷಿಯವರ ತೋಟಕ್ಕೆ ಹೋದ. ವನಜಾಕ್ಷಿ ತಿಪಟೂರಿನ ಕಾಲೇಜೊಂದರಲ್ಲಿ ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು; ತಂದೆ ಬಿಟ್ಟುಹೋದ ಎರಡೆಕರೆ ತೋಟವನ್ನು ನೋಡಿಕೊಂಡು, ಊರಿನಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ಬೇಲಿಯ ಮರೆಯಲ್ಲಿ ಎರಡಲ್ಲ, ಐದಾರು ದಮ್ಮು ಎಳೆದು ಬೀರೇಶ ಮರಕ್ಕೆ ಕೈ ಹಾಕಿದ.

ಮೊದಲಿಗೆ ಚೆನ್ನಾಗಿಯೇ ಇತ್ತು. ಕಾಲು ನಡುಗಲಿಲ್ಲ. ವಸಂತ ಹೇಳಿದ್ದು ನಿಜ ಎನಿಸಿ ನಗು ಕೂಡ ಬಂತು. ಇಪ್ಪತ್ತಡಿ ದಾಟಿದ ಮೇಲೆ ಯಾಕೋ ಮರ ಮುಗಿಯುವುದೇ ಇಲ್ಲವೇನೋ ಎನಿಸಿತು. ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡುವುದರೊಳಗೆ ಒಂದು ಗಂಟೆ ಕಳೆದಂತಾಯಿತು. ತನ್ನ ಎದೆಯ ಬಡಿತ ಮರದೊಳಗಿನಿಂದ ಕೇಳಿಸುತ್ತಿದೆ ಎಂಬ ಭ್ರಮೆ ಹಿಡಿಯಿತು. ಕೆಳಗೆ ನೋಡಿದ. ನೆಲ ಉಸಿರಾಡುತ್ತಿತ್ತು. ಎರಡೂ ಕೈಯಲ್ಲಿ ಬೊಡ್ಡೆ ತಬ್ಬಿ, ಕಣ್ಣು ಮುಚ್ಚಿ, "ಯವ್ವಾ" ಎಂದು ಕೂಗಿದ.

ಕಾಲೇಜಿಗೆ ಹೊರಟಿದ್ದ ವನಜಾಕ್ಷಿ ಓಡಿ ಬಂದರು. ಅಕ್ಕಪಕ್ಕದ ತೋಟದವರು ಏಣಿ ತಂದರು, ಏಣಿಗೆ ಏಣಿ ಕಟ್ಟಿದರು. ಹಿಡಿದ ಕೈ ಬಿಡಿಸಿ ಅವನನ್ನು ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಇಳಿದವನು ಅಲ್ಲೇ ವಾಂತಿ ಮಾಡಿಕೊಂಡ. ಬೇಲಿಯ ಹತ್ತಿರದ ವಾಸನೆ ವನಜಾಕ್ಷಿಗೆ ತಿಳಿಯದೆ ಹೋಗಲಿಲ್ಲ. ಜನರ ಮುಂದೆ ಅವರು ಏನೂ ಹೇಳಲಿಲ್ಲ. "ಭಾನುವಾರ ರೇವಮ್ಮನ್ನೂ ಕರ್ಕೊಂಡು ಬಾ," ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ಭಾನುವಾರ ಗಂಡಹೆಂಡತಿ ಇಬ್ಬರೂ ಹೋದರು. ರೇವಮ್ಮ ಅದಾಗಲೇ ಮೂರು ದಿನ ಅವನನ್ನು ಬೈದು ಸುಸ್ತಾಗಿದ್ದಳು. ವನಜಾಕ್ಷಿ ಜಗುಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟು, ಕೆಲವು ಜೆರಾಕ್ಸ್ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಬೀರೇಶ, ಗಾಂಜಾ ಸೇದಿದ್ರೆ ತಲೆ ತಿರುಗೋದು ಯಾಕೆ ಗೊತ್ತಾ?"

"ಅದ್ರಾಗೆ ಅಮಲು ಐತಲ್ಲ ಮೇಡಮ್ಮೋರೆ."

"ಬೇವಿನ ಸೊಪ್ಪು ಸೇದು, ಅಮಲಾಗುತ್ತಾ? ಇಲ್ಲ. ಬೀಗಕ್ಕೆ ಸರಿಯಾದ ಕೀ ಇದ್ರೆ ತಾನೇ ಬಾಗಿಲು ತೆಗೆಯೋದು? ಗಾಂಜಾ ಅನ್ನೋ ಕೀ ಕೂರೋ ಬೀಗ ನಮ್ಮ ಮಿದುಳಲ್ಲಿದೆ. ಅದನ್ನ ಕಂಡುಹಿಡಿದು ಇನ್ನೂ ಹದಿನೈದು ವರ್ಷ ಆಗಿದೆ, ಅಷ್ಟೆ. ಕಂಡುಹಿಡಿದ ಮೇಲೆ ವಿಜ್ಞಾನಿಗಳಿಗೇ ಆಶ್ಚರ್ಯ. ಯಾವುದೋ ಗಿಡದ ಹೊಗೆಗೆ ಅಂತ ದೇವರು ನಮ್ಮ ತಲೇಲಿ ಬೀಗ ಇಟ್ಟಿರ್ತಾನಾ?"

ಉತ್ತರ ಹೇಳಿದವಳು ರೇವಮ್ಮ. "ಹಂಗಾರೆ ಆ ಬೀಗದ್ದು ಅಸಲಿ ಕೀ ಒಳಗೇ ಇರ್ಬೇಕು ಬುಡಿ."

ವನಜಾಕ್ಷಿ ಬೆರಗಾಗಿ ಅವಳನ್ನು ನೋಡಿದರು. "ನನ್ನ ಕ್ಲಾಸಲ್ಲಿ ಅರವತ್ತು ಜನ ಇದಾರೆ ರೇವಮ್ಮ, ಒಬ್ಬರೂ ಇದನ್ನ ಹೇಳಲಿಲ್ಲ. ಅದೇ ನಿಜ. ಹುಡುಕಿದರು, ತೊಂಬತ್ತೆರಡರಲ್ಲಿ ಸಿಕ್ಕಿತು. ನಮ್ಮ ಮೈ ತಾನೇ ಮಾಡಿಕೊಳ್ಳೋ ವಸ್ತು. ಅದಕ್ಕೆ ಆನಂದಮೈಡ್ ಅಂತ ಹೆಸರಿಟ್ಟರು. ಆನಂದ ಅಂದ್ರೆ ನಮ್ಮ ಆನಂದವೇ. ಆಮೇಲೆ ಅದರ ಜೊತೆದು ಇನ್ನೊಂದೂ ಸಿಕ್ಕಿತು. ಬೀಗದಲ್ಲೂ ಎರಡು ಥರ: ಒಂದು ಹೆಚ್ಚಾಗಿ ಮಿದುಳು, ನರಗಳಲ್ಲಿ, ಇನ್ನೊಂದು ಹೆಚ್ಚಾಗಿ ರೋಗದ ಜೊತೆ ಹೋರಾಡೋ ರಕ್ತದ ಕಣಗಳಲ್ಲಿ. ಬೀಗ, ಕೀ, ಕೆಲಸ ಮುಗಿದ ಮೇಲೆ ಕೀ ಮುರಿದು ಹಾಕೋ ಕಿಣ್ವ, ಇದೆಲ್ಲಾ ಸೇರಿದ್ದಕ್ಕೆ ಎಂಡೋಕ್ಯಾನಬಿನಾಯ್ಡ್ ವ್ಯವಸ್ಥೆ ಅಂತಾರೆ. ಎಂಡೋ ಅಂದ್ರೆ ಒಳಗಿಂದು, ಕ್ಯಾನಬಿಸ್ ಅಂದ್ರೆ ಗಾಂಜಾ. ಹೆಸರು ಉದ್ದ, ಬಿಡು. ನಾನೇ ಈ ಮೇ ತಿಂಗಳು ಬೆಂಗಳೂರಿನ ತರಬೇತೀಲಿ ಕೇಳಿ ಕಲಿತಿದ್ದು."

"ಏನ್ ಮಾಡ್ತದೆ ಅದು?"

"ನೀರು ಕಟ್ಟುವಾಗ ಮೋಟ್ರು ಹತ್ರ ಒಬ್ಬ, ಕೊನೇ ಪಾತಿ ಹತ್ರ ಒಬ್ಬ ನಿಂತಿರ್ತಾರಲ್ಲ. ಪಾತಿ ತುಂಬಿತು ಅಂತ ಕೂಗೋರು ಯಾರು?"

"ಪಾತಿ ತಾವ ಇರೋನು. 'ಸಾಕು ನಿಲ್ಸ್ಲಾ' ಅಂತಾನೆ."

"ಒಂದು ನರ ಇನ್ನೊಂದಕ್ಕೆ ಸುದ್ದಿ ಕಳಿಸ್ತಾನೇ ಇರುತ್ತೆ. ನೋವಿನ ಸುದ್ದಿ, ಹೆದರಿಕೆ ಸುದ್ದಿ, ಹಸಿವಿನ ಸುದ್ದಿ. ಸುದ್ದಿ ಜಾಸ್ತಿ ಆದಾಗ, ಅದನ್ನ ತಗೊಳ್ಳೋ ನರ ಆ ಕ್ಷಣದಲ್ಲೇ ತನ್ನ ಮೈಯ ಜಿಡ್ಡಿನಿಂದ ಈ ವಸ್ತು ಮಾಡಿ ಹಿಂದಕ್ಕೆ ಕಳಿಸುತ್ತೆ: ಸಾಕು, ನಿಲ್ಲಿಸು ಅಂತ. ಎಲ್ಲಾ ಸುದ್ದಿ ಮೇಲಿಂದ ಕೆಳಗೆ ಬಂದ್ರೆ, ಇದೊಂದು ಕೆಳಗಿಂದ ಮೇಲಕ್ಕೆ. ಕೂಗು ಮುಗಿದ ಕೂಡಲೇ ಅದೂ ಮಾಯ. ಹೀಗೇ ನೋವು, ಹಸಿವು, ನಿದ್ದೆ, ನೆನಪು ಎಲ್ಲಾನೂ ಒಂದು ಅಳತೇಲಿ ಇರ್ತವೆ."

ಬೀರೇಶ ಕಾಫಿ ಲೋಟ ಕೆಳಗಿಟ್ಟು ಕೇಳಿದ. "ಹಂಗಾರೆ ವಸಂತ ಕೊಟ್ಟಿದ್ದೂ ಅದೇ ಕೂಗು ತಾನೇ? ನಂಗ್ಯಾಕೆ ಉಲ್ಟಾ ಹೊಡೀತು?"

"ಒಂದು ಪಾತಿಯವನು ಒಂದು ಮೋಟ್ರಿಗೆ ಕೂಗೋದು ಬೇರೆ. ಊರಲ್ಲಿರೋ ಎಲ್ಲಾ ಮೋಟ್ರಿಗೂ ಕೇಳೋ ಹಂಗೆ ಮೈಕ್ ಹಾಕಿ ಗಂಟೆಗಟ್ಟಲೆ 'ನಿಲ್ಸಿ, ನಿಲ್ಸಿ' ಅನ್ನೋದು ಬೇರೆ. ಒಂದು ತೋಟ ಒಣಗುತ್ತೆ, ಇನ್ನೊಂದು ತೋಟದಲ್ಲಿ ಕಟ್ಟೆ ಒಡೆಯುತ್ತೆ. ಸ್ವಲ್ಪ ಸೇದಿದ್ರೆ ಕೆಲವರಿಗೆ ಹೆದರಿಕೆ ಇಳಿಯುತ್ತೆ, ಜಾಸ್ತಿ ಆದ್ರೆ ಅದೇ ಹೆದರಿಕೆ ಏರುತ್ತೆ. ಯಾರಿಗೆ ಯಾವಾಗ ಏನಾಗುತ್ತೋ ಹೇಳಕ್ಕಾಗಲ್ಲ. ಮರದ ಮೇಲೆ ಅದನ್ನ ಪರೀಕ್ಷೆ ಮಾಡ್ತಾರಾ?"

ವನಜಾಕ್ಷಿ ಜೆರಾಕ್ಸ್ ಹಾಳೆಯೊಂದನ್ನು ಎತ್ತಿಕೊಂಡರು.

"ಈಗ ಕೇಳು, ನಿನಗೆ ಬೇಕಾದ ಮಾತು ಇದು. ಕಳೆದ ವರ್ಷ ಹೊರದೇಶದಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಶಬ್ದ ಮಾಡೋದು, ಹಿಂದೇನೇ ಕಾಲಿಗೆ ಸಣ್ಣ ಶಾಕ್ ಕೊಡೋದು. ಆಮೇಲೆ ಬರೀ ಶಬ್ದ ಕೇಳಿದ್ರೂ ಇಲಿ ಕಲ್ಲಾಗಿ ನಿಲ್ತಿತ್ತು."

"ನಂಗೆ ಬೇವಿನೆಣ್ಣೆ ವಾಸ್ನೆ ಬಂದಂಗೆ."

"ಹಂಗೇ. ಆಮೇಲೆ ಶಾಕ್ ನಿಲ್ಲಿಸಿ ದಿನಾ ಶಬ್ದ ಮಾತ್ರ ಮಾಡಿದರು. ದಿನ ಹೋಗ್ತಾ ಹೋಗ್ತಾ ಇಲಿ 'ಇದರಿಂದ ಏನೂ ಆಗಲ್ಲ' ಅಂತ ಕಲಿತುಬಿಡ್ತು. ಆದ್ರೆ ಹುಟ್ಟಿನಿಂದಲೇ ಈ ಬೀಗ ಇಲ್ಲದ ಇಲಿಗಳನ್ನೂ ಅವರು ಇಟ್ಟಿದ್ದರು. ಅವಕ್ಕೆ ಹೆದರಿಕೆ ಬಿಡೋದಕ್ಕೆ ಆಗಲೇ ಇಲ್ಲ. ಶಬ್ದ ಕೇಳ್ತಾ ಇರುವಾಗಲೇ ಮಿದುಳಲ್ಲಿ ಹೆದರಿಕೆ ಹುಟ್ಟೋ ಜಾಗದಲ್ಲಿ ಈ ಆನಂದಮೈಡ್ ಹೆಚ್ಚಾಗ್ತಿತ್ತಂತೆ. ಮನುಷ್ಯರ ವಿಷಯ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ, ನಾನು ಡಾಕ್ಟರೂ ಅಲ್ಲ. ಆದ್ರೆ ಹೆದರಿಕೆ ಹುಟ್ಟೋ ಜಾಗದಲ್ಲಿ ನಿಂತು, ಏನೂ ಆಗದೆ ಇರೋದನ್ನ ಮೈಗೆ ತೋರಿಸ್ತಾ ಹೋದ್ರೆ ಹೆದರಿಕೆ ಇಳಿಯುತ್ತೆ ಅನ್ನೋದು ಹಳೇ ಸತ್ಯ. ಅದನ್ನ ಇಳಿಸೋ ಸಾಮಾನು ನಿನ್ನೊಳಗೇ ಇದೆ ಅನ್ನೋದು ಹೊಸದು."

ಬೀರೇಶ ತನ್ನ ಅಂಗೈ ನೋಡಿಕೊಂಡ. "ನಂಗೂ ಆ ಬೀಗ ಐತಾ?"

"ಎಲ್ಲರಿಗೂ ಇದೆ."

"ಹಂಗಾರೆ ನಾಳಿಂದ್ಲೇ ಬತ್ತೀನಿ."

ಮಾರನೆಯ ಬೆಳಿಗ್ಗೆ ವನಜಾಕ್ಷಿ ಒಂದು ಮರಕ್ಕೆ ನಾಲ್ಕು ನಾಲ್ಕು ಅಡಿಗೊಂದು ಸುಣ್ಣದ ಗೆರೆ ಎಳೆಸಿದರು. ಕೈಗೆಟುಕದ ಗೆರೆಗಳನ್ನು ಆಳಿನ ಕೈಲಿ ಏಣಿ ಇಟ್ಟು ಎಳೆಸಿದರು. ಸೊಂಟದಿಂದ ಮರಕ್ಕೆ ಸುತ್ತಿ ಕಟ್ಟುವ ಅಗಲದ ಪಟ್ಟಿಯನ್ನು ಲಾರಿ ಟಾರ್ಪಾಲಿನ ಬೆಲ್ಟಿನಿಂದ ಮಾಡಿಸಿದರು. ಆ ಪಟ್ಟಿಯಿಲ್ಲದೆ ಮರ ಮುಟ್ಟಕೂಡದು ಎಂದು ಕಟ್ಟಪ್ಪಣೆ. ಇನ್ನೊಂದು ನಿಯಮ ಹಾಕಿದರು: "ಎದೆ ಹೊಡ್ಕೊಳ್ತಾ ಇರುವಾಗ ಇಳೀಬೇಡ. ಅಲ್ಲೇ ಇರು. ಬಡಿತ ಇಳಿದ ಮೇಲೆ ನೀನು ಇಳಿ. ಹೆದರಿಕೊಂಡು ಇಳಿದ್ರೆ ಮೈ 'ಇಳಿದಿದ್ದಕ್ಕೆ ಬದುಕಿಕೊಂಡೆ' ಅಂತ ಕಲಿಯುತ್ತೆ."

ಹೇಳುವುದು ಸುಲಭ. ಮೊದಲ ದಿನ ನೆಲದಿಂದ ನಾಲ್ಕಡಿಯಲ್ಲಿ, ಪುಟ್ಟ ಮಕ್ಕಳೂ ಜೋತು ಬೀಳುವಷ್ಟು ಎತ್ತರದಲ್ಲಿ, ಇಪ್ಪತ್ತೆರಡು ವರ್ಷ ಮರ ಹತ್ತಿದವನು ಪಟ್ಟಿ ಕಟ್ಟಿಕೊಂಡು ನಲವತ್ತು ನಿಮಿಷ ಬೆವರಿದ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಏನ್ ಬೀರಣ್ಣ, ಮರಕ್ಕೆ ಎಣ್ಣೆ ತಿಕ್ತಾ ಇದೀಯಾ?" ಎಂದು ಒಬ್ಬ ನಕ್ಕ. ಬೀರೇಶ ಅತ್ತ ತಿರುಗಲಿಲ್ಲ. ಮೂರನೇ ದಿನಕ್ಕೆ ಆ ಗೆರೆಯಲ್ಲಿ ಎದೆ ಹೊಡೆದುಕೊಳ್ಳಲಿಲ್ಲ. ನಾಲ್ಕನೇ ದಿನ ಎಂಟಡಿ.

ರೇವಮ್ಮ ಶೆಡ್ಡಿಗೆ ಹೋಗುವ ಮುಂಚೆ ಬಂದು ಬದುವಿನ ಮೇಲೆ ಕೂರುತ್ತಿದ್ದಳು. "ಮರ ಹತ್ತೋಕ್ ಬಂದಿದೀಯೋ, ತಪಸ್ಸಿಗೆ ಬಂದಿದೀಯೋ?" ಎಂದು ರೇಗಿಸುತ್ತಿದ್ದಳು. ಆದರೆ ಅವನ ಮುಖದ ಬಣ್ಣ ಕೆಟ್ಟ ದಿನ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಅವಳೇ ಬೇವಿನೆಣ್ಣೆಯ ಬಟ್ಟಲು ತಂದು ಮರದ ಬುಡದಲ್ಲಿ ಇಟ್ಟಳು. "ಮೇಡಮ್ಮೋರು ಹೇಳವ್ರೆ. ವಾಸ್ನೆನೂ ಜೊತೇಗೇ ಕಲೀಬೇಕಂತೆ." ಆವತ್ತು ಹದಿನಾರಡಿಯಲ್ಲಿದ್ದವನು ಮತ್ತೆ ನಾಲ್ಕಡಿಗೆ ಬಂದ. ಹಿಂದಿನ ಎರಡು ವಾರ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಅವನಿಗೆ ಅಳು ಬಂತು. ಅಳುತ್ತಲೇ ಪಟ್ಟಿ ಬಿಗಿದುಕೊಂಡು ಅಲ್ಲೇ ನಿಂತ. ಬಟ್ಟಲು ಕೆಳಗೇ ಇತ್ತು. ಗಾಳಿ ಬೀಸಿದಾಗಲೆಲ್ಲ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಡಿತ ಏರಿತು, ಏರಿತು, ಇನ್ನು ಏರಲು ಜಾಗವಿಲ್ಲ ಎನ್ನುವವರೆಗೆ ಏರಿ, ಹಾಗೇ ಸುಸ್ತಾದಂತೆ ಇಳಿಯತೊಡಗಿತು. ತನ್ನೊಳಗಿನಿಂದ ಯಾರೋ "ಸಾಕು" ಅಂದಂತೆ ಅವನಿಗೆ ನಿಜವಾಗಿ ಅನಿಸಿದ್ದು ಆವತ್ತೇ ಮೊದಲು.

ದೀಪಾವಳಿಗೆ ಮೂವತ್ತಡಿ. ಕಾರ್ತಿಕ ಮುಗಿಯುವಷ್ಟರಲ್ಲಿ ಸುಳಿ ಮುಟ್ಟಿದ. ಒಣಗರಿ ಕಡಿದು ಕೆಳಗೆ ಹಾಕಿದ ಸದ್ದಿಗೆ ವನಜಾಕ್ಷಿ ಪುಸ್ತಕ ಬಿಟ್ಟು ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಮಾರ್ಗಶಿರದಲ್ಲಿ ಅವನು ಅರಳಗುಪ್ಪೆಯ ಕಡೆ ಎರಡು ತೋಟಗಳ ಕೆಲಸ ಹಿಡಿದ. ಮಾತು ಮೊದಲಿಗಿಂತ ಕಡಿಮೆ, ನಗು ಮೊದಲಿನಷ್ಟೇ.

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಗಾಧರಯ್ಯನವರ ತೋಟದ ಪಕ್ಕದಲ್ಲಿ ಹಾಯುತ್ತಿದ್ದಾಗ, ಬಾವಿಯ ಹತ್ತಿರ ಮರ ಕೊಯ್ಯುವವರು ಹಗ್ಗ ಹಿಡಿದು ಅಳತೆ ಹಾಕುತ್ತಿರುವುದು ಕಂಡಿತು. ಒಳಗೆ ಹೋದ. ಆ ಮರಕ್ಕೆ ಇಪ್ಪತ್ತು ಹೆಜ್ಜೆ ಇರುವಾಗಲೇ ಕಾಲು ನಿಂತುಹೋಯಿತು. ಅಂಗೈ ಬೆವರಿತು, ಬಾಯಿ ಒಣಗಿತು. ಬೇವಿನೆಣ್ಣೆ ಎಲ್ಲೂ ಇರಲಿಲ್ಲ, ಆದರೂ ಮೂಗಿನ ತುಂಬ ಅದೇ ವಾಸನೆ. ನಾಲ್ಕು ತಿಂಗಳು ಕಲಿತದ್ದೆಲ್ಲ ಒಂದು ಗಳಿಗೆಯಲ್ಲಿ ಕೈಬಿಟ್ಟು ಹೋಯಿತು.

ಎಪ್ಪತ್ತರ ಗಂಗಾಧರಯ್ಯ ಅವನನ್ನು ಕಂಡು ಹತ್ತಿರ ಬಂದರು. ಮುಖ ತಪ್ಪಿಸಿಯೇ ಮಾತಾಡಿದರು. "ಇದೊಂದ್ ಮರ ತೆಗೆಸಿಬುಡಾಣ ಅಂತ ಕಣಪ್ಪ. ಮುಂದಿನ ಸೋಮವಾರ ಬತ್ತಾರೆ."

"ವರ್ಷಕ್ಕೆ ನೂರ ಮೂವತ್ತು ಕಾಯಿ ಬುಡೋ ಮರ. ಯಾಕೆ ಯಜಮಾನ್ರೆ?"

ಮುದುಕರು ಬಹಳ ಹೊತ್ತು ಟವೆಲ್ಲು ಹಿಂಡಿದರು. "ಆವತ್ತು ನೀನು ಮಳೆ ಬತ್ತಾ ಐತೆ, ಇದೊಂದು ನಾಳೆ ಹತ್ತೀನಿ ಅಂದೆ. ನಾನೇ, ಒಂದು ಮರಕ್ಕೆ ನಾಳೆ ಯಾಕೆ, ಮುಗಿಸ್ಬುಡು ಅಂದೆ. ದಿನಾ ನೀರು ಸೇದೋಕ್ ಬಂದ್ರೆ ಇದು ಕಣ್ಣಿಗೆ ಬೀಳ್ತದೆ. ನನ್ ಕೈಲಿ ನೋಡಾಕಾಗಲ್ಲ ಕಣ್ಲಾ."

ಈ ಮಾತನ್ನು ಬೀರೇಶ ಮರೆತಿರಲಿಲ್ಲ, ಯಾರ ಮುಂದೆಯೂ ಆಡಿಯೂ ಇರಲಿಲ್ಲ. ಈಗ ಅವರ ಬಾಯಿಂದಲೇ ಬಂದಾಗ ಸಿಟ್ಟು ಬರಬಹುದೆಂದು ಕಾದ. ಬರಲಿಲ್ಲ. ಇಬ್ಬರೂ ಒಂದೇ ಮರಕ್ಕೆ ಹೆದರಿಕೊಂಡಿದ್ದೇವಲ್ಲ ಎಂದಷ್ಟೇ ಅನಿಸಿತು.

"ಕಡೀಬ್ಯಾಡಿ," ಎಂದ. "ಕಡಿದ್ರೆ ಈ ಹೆದ್ರಿಕೆ ನನ್ನೊಳಗೇ ಬಲಿತು ಮರ ಆಯ್ತದೆ. ಅದನ್ನ ಕಡಿಯೋರು ಯಾರು? ಸೋಮವಾರದ ಮಟ ನಂಗೆ ಬುಡಿ."

"ಇನ್ನೊಂದು ಸಲ ಬಿದ್ರೆ ನಾನು ಬದ್ಕಾಕಿಲ್ಲ."

"ಬೀಳಾಕಿಲ್ಲ. ಪಟ್ಟಿ ಕಟ್ಕತೀನಿ."

ಅಲ್ಲಿಂದ ನೇರ ವನಜಾಕ್ಷಿಯವರ ಮನೆಗೆ ಹೋಗಿ ಜಗುಲಿಯ ಮೇಲೆ ಕುಸಿದ. "ಎಲ್ಲಾ ಅಳಿಸ್ ಓಯ್ತು ಮೇಡಮ್ಮೋರೆ."

"ಅಳಿಸಿ ಹೋಗಿಲ್ಲ," ಎಂದರು ಅವರು. "ಹೆದರಿಕೆಯ ಹಳೇ ನೆನಪು ಎಲ್ಲಿಗೂ ಹೋಗಲ್ಲ ಬೀರೇಶ. ಅದರ ಪಕ್ಕದಲ್ಲಿ ಹೊಸದೊಂದು ನೆನಪು ಬೆಳೀತದೆ, ಅಷ್ಟೆ. ನೀನು ಅದನ್ನ ಬೆಳೆಸಿದ್ದು ನನ್ನ ತೋಟದಲ್ಲಿ. ಆ ಜಾಗ ಬದಲಾದ್ರೆ ಹಳೇದು ತಲೆ ಎತ್ತುತ್ತೆ. ಇಲಿಗಳೂ ಹಂಗೇ ಮಾಡ್ತವೆ, ಮನುಷ್ಯರೂ ಹಂಗೇ. ಅಲ್ಲೂ ಒಂದು ಸಲ ಬೆಳೆಸು. ಎರಡನೇ ಸಲ ಬೇಗ ಆಗುತ್ತೆ."

"ಎಷ್ಟು ಬೇಗ?"

"ಅದು ನನ್ನ ಹಾಳೇಲಿ ಬರೆದಿಲ್ಲ."

ಏಳು ದಿನ ಇತ್ತು. ಮೊದಲ ದಿನ ಅವನು ಮರವನ್ನು ಮುಟ್ಟಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಕುಳಿತು, ಬಡಿತ ಇಳಿದಾಗ ಹತ್ತು ಹೆಜ್ಜೆಗೆ ಬಂದು, ಮತ್ತೆ ಕುಳಿತ. ಸಂಜೆಯ ಹೊತ್ತಿಗೆ ಬುಡಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. ಎರಡನೇ ದಿನ ಎಂಟಡಿ. ಮೂರನೇ ದಿನ ಹನ್ನೆರಡು. ನಾಲ್ಕನೇ ದಿನ ಏನೂ ಆಗಲಿಲ್ಲ; ಬೆಳಿಗ್ಗೆ ಕನಸಿನಲ್ಲಿ ಬಿದ್ದು ಎದ್ದವನಿಗೆ ಎಂಟಡಿಯೇ ಬೆಟ್ಟವಾಯಿತು. ರೇವಮ್ಮ ಶೆಡ್ಡಿಗೆ ರಜೆ ಹೇಳಿ ಬಂದಳು. ಅನ್ನದ ಬುತ್ತಿ ಬಿಚ್ಚಿ, "ಮರದ ಮೇಲೆ ಇರೋ ಅಷ್ಟೊತ್ತೂ ಉಸಿರು ಎಣಿಸು. ಬ್ಯಾರೆ ಏನೂ ಯೋಚ್ನೆ ಮಾಡ್ಬೇಡ," ಎಂದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಹೆರಿಗೆ ಕಂಡವಳು, ಅಷ್ಟೆ. ಐದನೇ ದಿನ ಅವನು ಇಪ್ಪತ್ತನಾಲ್ಕು ದಾಟಿದ, ಆರನೇ ದಿನ ನಲವತ್ತು.

ಭಾನುವಾರ ಗಾಳಿ ಇತ್ತು. ಗಂಗಾಧರಯ್ಯ ಬಾವಿಯ ಕಟ್ಟೆಯ ಮೇಲೆ ಮರಕ್ಕೆ ಬೆನ್ನು ಹಾಕಿ ಕುಳಿತಿದ್ದರು. ಬೀರೇಶ ಕ್ಯಾನಿಗೆ ಬೇವಿನೆಣ್ಣೆ ಕಲಸಿದ ನೀರು ತುಂಬಿ ಬೆನ್ನಿಗೆ ಏರಿಸಿಕೊಂಡ. ಬರಿಗೈಯಲ್ಲಿ ಹತ್ತಿದರೆ ಅರ್ಧ ಕೆಲಸ ಎಂದು ಅವನ ಲೆಕ್ಕ. ಅಂಗೈಗೆ ಒಣಬೂದಿ ಉಜ್ಜಿಕೊಂಡು ಪಟ್ಟಿ ಎಳೆದು ನೋಡಿ ಕಾಲಿಟ್ಟ.

ನಲವತ್ತರವರೆಗೆ ಮೈ ತಾನಾಗಿ ಹೋಯಿತು. ಆಮೇಲಿನ ಹದಿನೈದಡಿಯನ್ನು ಅವನು ಹೆಜ್ಜೆ ಹೆಜ್ಜೆಯಾಗಿ ಗೆದ್ದ. ಮರ ತೂಗಿತು. ಎದೆ ಡಬಡಬ ಎಂದಿತು. ನಿಂತ. ಉಸಿರು ಎಣಿಸಿದ. ಮೂವತ್ತಕ್ಕೆ ಇಳಿಯಲಿಲ್ಲ, ಅರವತ್ತಕ್ಕೂ ಇಳಿಯಲಿಲ್ಲ, ನೂರಾ ಹತ್ತರ ಹತ್ತಿರ ಭುಜ ಸಡಿಲವಾಯಿತು. ಮುಂದಕ್ಕೆ ಹೋದ. ಕೈಗೆ ಮಟ್ಟೆ ಸಿಕ್ಕಿತು. ಇದೇ ಮಟ್ಟೆಗಳ ನಡುವೆ ಒಂದು ದಿನ ಅಂಗೈ ಜಾರಿತ್ತು. ಮೊದಲು ಪಟ್ಟಿಯನ್ನು ಸುಳಿಯ ಕೆಳಗೆ ಬಿಗಿದು, ಆಮೇಲೆ ಹಸಿ ಮಟ್ಟೆಯನ್ನೇ ಆರಿಸಿ ಹಿಡಿದು, ಮೇಲೆ ಕುಳಿತ.

ಹೆದರಿಕೆ ಹೋಗಿರಲಿಲ್ಲ. ಹೊಲದಾಚೆ ಕಟ್ಟಿದ ನಾಯಿಯಂತೆ ಎಲ್ಲೋ ಬೊಗಳುತ್ತಿತ್ತು. ಅದರ ಪಾಡಿಗೆ ಬೊಗಳಲಿ ಎಂದು ಬಿಟ್ಟು ಅವನು ಕೆಲಸ ಶುರು ಮಾಡಿದ. ಒಂದೊಂದು ಗೊನೆಯನ್ನೂ ಸರಿಸಿ ನೋಡಿದ. ಮೂರು ಗೊನೆಗೆ ಕಜ್ಜಿ ಇತ್ತು, ಎರಡು ಎಳೆಗೊನೆಗಳ ಮೈ ನುಣುಪಾಗಿತ್ತು. ಐದಕ್ಕೂ ಸಿಂಪಡಿಸಿದ. ಮೂಗಿನಲ್ಲಿ ಬೇವಿನೆಣ್ಣೆ, ಕೈಯಲ್ಲಿ ಬೇವಿನೆಣ್ಣೆ. ಕೈ ಕೆಲಸ ಮಾಡುತ್ತಲೇ ಇತ್ತು.

"ಯಜಮಾನ್ರೇ," ಎಂದು ಕೂಗಿದ. "ಎಲ್ ನೋಡ್ತಾ ಇದೀರಿ? ಮ್ಯಾಕ್ ನೋಡಿ ಒಂದ್ಸಲ!"

ಗಂಗಾಧರಯ್ಯ ತಿರುಗಲಿಲ್ಲ. ರೇವಮ್ಮನೇ ಹೋಗಿ, "ನೋಡ್ರೀ, ಚೆನ್ನಾಗೇ ಕುಂತವ್ನೆ," ಎಂದು ಭುಜ ಮುಟ್ಟಿದಳು. ಮುದುಕರು ಹಣೆಗೆ ಕೈ ಅಡ್ಡ ಹಿಡಿದು ನಿಧಾನವಾಗಿ ತಲೆ ಎತ್ತಿದರು. ತುಂಬ ಹೊತ್ತು ಹಾಗೇ ನೋಡುತ್ತಿದ್ದರು. ಬೀರೇಶ ಅವಸರ ಮಾಡದೆ ಇಳಿದ. ಆಮೇಲೆ ಗಂಗಾಧರಯ್ಯ ಅವನ ಎಣ್ಣೆಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ಆವತ್ತು ನಂದು ತಪ್ಪಾಯ್ತು ಕಣಪ್ಪ," ಎಂದರು.

"ಇನ್ಮ್ಯಾಕೆ ಮಳೇಲಿ ಹತ್ತು ಅಂತ ಯಾರ್ಗೂ ಅನ್ಬ್ಯಾಡಿ. ನನ್ಗೂ ಅಷ್ಟೇ, ಬ್ಯಾರೆಯೋರ್ಗೂ ಅಷ್ಟೇ," ಎಂದ ಬೀರೇಶ. ಅವರು ತಲೆಯಾಡಿಸಿದರು.

ಸೋಮವಾರ ಮರ ಕೊಯ್ಯುವವರು ಗರಗಸ ಹೊತ್ತು ಬಂದರು. ಬರಬೇಡಿ ಎಂದು ಹೇಳಿಕಳಿಸುವುದನ್ನು ಎಲ್ಲರೂ ಮರೆತಿದ್ದರು. ಕೊಬ್ಬರಿಗೆಂದು ಕಾಯಿ ಬಲಿಯಬಿಡುವ ಆ ಸೀಮೆಯಲ್ಲಿ ಎಳನೀರು ಇಳಿಸುವವರೇ ಅಪರೂಪ. ಗಂಗಾಧರಯ್ಯ ಬೀರೇಶನಿಗೆ ಹೇಳಿ, ಔಷಧಿ ಮುಟ್ಟದ ಇನ್ನೊಂದು ಮರದಿಂದ ಒಂದು ಗೊನೆ ಇಳಿಸಿ, ಬಂದವರಿಗೆಲ್ಲ ಹೊಟ್ಟೆ ತುಂಬ ಕುಡಿಸಿ ಕಳಿಸಿದರು.